ಎಡಗಡೆ ಸ್ಪೀಕರ್ ಸತ್ತ ಸಮಾಚಾರ

ಮಾಮೆಲೋಡಿ,
ಮಂಗಳವಾರ, ೨೩ ಸೆಪ್ಟೆಂಬರ್ ೧೯೯೭

ಪ್ರೀತಿಯ ಫೆಲಾದಿ ಅಪ್ಪಾ,

ಹೇಗಿದ್ದೀರಿ? ಲೆಸೋಥೋ ಬೆಟ್ಟದಲ್ಲಿ ಇನ್ನೂ ಹಿಮ ಬೀಳುತ್ತಿದೆ ಅಂತ ರೇಡಿಯೋದಲ್ಲಿ ಹೇಳಿದರು. ನಾನು ಕಳಿಸಿದ ಉಣ್ಣೆಯ ಕಾಲುಚೀಲ ಹಾಕಿಕೊಳ್ಳುತ್ತಿದ್ದೀರೋ, ಇಲ್ಲಾ ಚೆನ್ನಾಗಿದೆ ಅಂತ ಮಡಿಚಿ ಪೆಟ್ಟಿಗೆಯಲ್ಲಿ ಇಟ್ಟಿದ್ದೀರೋ? ಮೊಣಕಾಲಿನ ನೋವು ಹೇಗಿದೆ? ಆ ಅಣೆಕಟ್ಟಿನವರು ಹೊಟ್ಟೆಗೆ ಸರಿಯಾಗಿ ಹಾಕುತ್ತಾರಾ? ನಾವಿಲ್ಲಿ ಚೆನ್ನಾಗಿದ್ದೇವೆ. ಪೀಚ್ ಮರ ಹೂಬಿಟ್ಟಿದೆ. ಫೆಲಾದಿ ಪರೀಕ್ಷೆಗೆ ಓದುತ್ತಿದ್ದಾಳೆ, ಅಂದರೆ ಪುಸ್ತಕ ತೆರೆದಿಟ್ಟುಕೊಂಡು ಉಗುರಿಗೆ ಬಣ್ಣ ಹಚ್ಚುತ್ತಿದ್ದಾಳೆ.

ಇದುವರೆಗೆ ನಾನು ನಿಮಗೆ ಬರೆದ ನಾಲ್ಕು ಕಾಗದಗಳೂ ತಂತಿ ಸಮಾಚಾರದಷ್ಟೇ ಉದ್ದ ಇದ್ದವು. ನಿಮಗೆ ಆಶ್ಚರ್ಯ ಆಗಿರಬಹುದು. ಆಗಿರಲಿಕ್ಕೂ ಇಲ್ಲ, ನಿಮ್ಮವೂ ಅಷ್ಟೇ ಇರುತ್ತವೆ. ನಿಜ ಹೇಳುತ್ತೇನೆ, ನನಗೆ ಸಿಟ್ಟು ಬಂದಿತ್ತು. ಏಪ್ರಿಲ್‌ನಲ್ಲಿ ನೀವು ಹೊರಟ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ನಾನು ನಿಮಗೆ ಒಂದು ಮಾತು ಹೇಳಿದೆ. ಹೇಳಬೇಕೋ ಬೇಡವೋ ಅಂತ ಎರಡು ವಾರ ನುಂಗಿಕೊಂಡಿದ್ದ ಮಾತು. ನೀವು ಮುಖ ಕೂಡ ತಿರುಗಿಸಲಿಲ್ಲ. ಪೆಟ್ಟಿಗೆ ಎತ್ತಿಕೊಂಡು ಬಸ್ ಹತ್ತಿ, ಕಿಟಕಿಯಿಂದ ನಗುತ್ತಾ ಕೈಬೀಸಿದಿರಿ. ಐದು ತಿಂಗಳು ಆ ನಗುವನ್ನೇ ನೆನೆಸಿಕೊಂಡು ಪಾತ್ರೆ ಕುಕ್ಕಿದ್ದೇನೆ. ಈಗ ಆ ಸಿಟ್ಟು ಇಲ್ಲ. ಯಾಕೆ ಇಲ್ಲ ಅಂತ ಹೇಳಲಿಕ್ಕೇ ಈ ಕಾಗದ. ಆದರೆ ಅದಕ್ಕೆ ಮೊದಲು ನಿಮ್ಮ ಆಂಪ್ಲಿಫೈಯರ್ ವಿಷಯ ಹೇಳಬೇಕು. ಎದ್ದು ನಿಲ್ಲಬೇಡಿ, ಗಾಬರಿ ಆಗಬೇಡಿ, ಅದು ಇಲ್ಲೇ ಇದೆ. ಕೂತುಕೊಂಡು ಓದಿ.

ಜುಲೈ ಕೊನೆಯಲ್ಲಿ ಚಾಲೆ ಮೇಷ್ಟ್ರು ಮನೆಗೆ ಬಂದರು. ನೀಲಿ ಟೋಪಿ ಜಾಝ್ ಸಂಘದ ಅಧ್ಯಕ್ಷರು ಅಂದಮೇಲೆ ಬರಿಗೈಯಲ್ಲಿ ಬರುತ್ತಾರಾ, ಕಂಕುಳಲ್ಲಿ ಸಂಘದ ಪುಸ್ತಕ ಇತ್ತು. ಸೆಪ್ಟೆಂಬರ್ ಇಪ್ಪತ್ತೊಂದರ ಭಾನುವಾರ ಸಂಘದವರನ್ನೆಲ್ಲ ಮನೆಗೆ ಕರೆದು ಹಾಡು ಕೇಳಿಸುವ ಸರದಿ ನಿಮ್ಮದಂತೆ. ಯಜಮಾನರು ಊರಲ್ಲಿಲ್ಲವಲ್ಲ ಮೇಷ್ಟ್ರೇ ಅಂದೆ. "ಮಲೆಸೆಲಾ ಇಲ್ದಿದ್ರೆ ಏನಮ್ಮಾ, ಅವನ ಆಂಪ್ಲಿ ಇದೆಯಲ್ಲ" ಅಂದರು. ನಿಮ್ಮ ಸಂಘದಲ್ಲಿ ಮನುಷ್ಯರಿಗೆ ಇರುವ ಬೆಲೆ ಇಷ್ಟೇ ಅಂತ ನನಗೆ ಅವತ್ತು ಗೊತ್ತಾಯಿತು. ಬೇಡ ಅನ್ನೋಣ ಅಂದುಕೊಂಡೆ. ಆದರೆ ಸರದಿ ಬಿಟ್ಟುಕೊಟ್ಟರೂ, ನಡುವೆ ಸೆಟ್ ಕೆಟ್ಟು ಹಾಡು ನಿಂತರೂ, ಆ ಮನೆಯವನು ಒಂದು ವರ್ಷ ಬರಿತಲೆಯಲ್ಲಿ ಸಭೆಗೆ ಬರಬೇಕು ಅನ್ನುವ ನಿಮ್ಮ ನಿಯಮ ನೆನಪಾಯಿತು. ಹೆಣದ ಗಾಡಿ ಓಡಿಸುವ ಮಾಲೋಪೆ ಹೋದ ವರ್ಷ ಟೋಪಿ ಇಲ್ಲದೆ ಮೂಲೆಯಲ್ಲಿ ಕೂತಿರುತ್ತಿದ್ದ ಮುಖ ಕಣ್ಣಮುಂದೆ ಬಂತು. ಸಿಟ್ಟು ಇದ್ದದ್ದು ನಿಜ, ಆದರೂ ನಿಮ್ಮನ್ನ ಆ ಸ್ಥಿತಿಯಲ್ಲಿ ನೋಡಲಿಕ್ಕೆ ನನಗೆ ಇಷ್ಟ ಇರಲಿಲ್ಲ. ಆಯ್ತು ಮೇಷ್ಟ್ರೇ ಅಂದೆ.

ನೀವು ಬೀರುವಿನ ಬಾಗಿಲ ಒಳಗೆ ಅಂಟಿಸಿ ಹೋದ ಚೀಟಿಯನ್ನ ನಾನು ಚಾಚೂ ತಪ್ಪದೆ ಪಾಲಿಸಿದ್ದೇನೆ. ಪ್ರತಿ ಭಾನುವಾರ ಚರ್ಚಿನಿಂದ ಬಂದು ಒಂದು ಗಂಟೆ ಆಂಪ್ಲಿಯನ್ನ ಬರಿದೇ ಕಾಯಿಸುವುದು, ಆಮೇಲೆ ಒಂದೇ ಒಂದು ರೆಕಾರ್ಡಿನ ಒಂದೇ ಒಂದು ಬದಿ ಹಾಕುವುದು, ಒರೆಸಲಿಕ್ಕೆ ಹತ್ತಿಯ ಬಟ್ಟೆ, ಅದೂ ಒಣಗಿದ್ದು. ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದು ಬರೆದಿದ್ದೀರಲ್ಲ, ಆನ್ ಮಾಡುವ ಗುಂಡಿ ಮತ್ತು ಸದ್ದಿನ ಗುಂಡಿ ಬಿಟ್ಟು ಬೇರೆ ಯಾವುದನ್ನೂ ಯಾರೂ ಮುಟ್ಟಬಾರದು ಅಂತ, ಅದನ್ನೂ. ಹಾಡು ಹಾಕಿ ನಾನು ಅಡುಗೆಮನೆಗೆ ಹೋಗುತ್ತಿದ್ದೆ. ಬೋಟಿ ಬೇಯುವ ವಾಸನೆ, ಸ್ಯಾಕ್ಸೊಫೋನ್ ಸದ್ದು, ಎರಡೂ ಸೇರಿದರೆ ನೀವು ಮನೆಯಲ್ಲಿದ್ದ ಹಾಗೇ ಅನ್ನಿಸುತ್ತಿತ್ತು. ಆಮೇಲೆ ಬಸ್ಸಿನ ಕಿಟಕಿ ನೆನಪಾಗಿ ಸೌಟು ಕುಕ್ಕುತ್ತಿದ್ದೆ.

ಹೀಗಿರುವಾಗ ಆಗಸ್ಟ್ ಕೊನೆಯ ಭಾನುವಾರ ನಿಮ್ಮಕ್ಕ ಮೊಖಾದಿ ಬಂದರು. ಬಂದವರು ಎಂದಿನಂತೆ ಮನೆಯೆಲ್ಲ ತನಿಖೆ ಮಾಡಿ, ಪರದೆಯಲ್ಲಿ ಧೂಳು ಹುಡುಕಿ, ಎಡಗಡೆಯ ಸೋಫಾದಲ್ಲಿ ಕೂತರು. ಆ ಸೋಫಾದಲ್ಲಿ ನಮ್ಮ ಮನೆಯಲ್ಲಿ ಯಾರೂ ಕೂರುವುದಿಲ್ಲ, ಸ್ಪ್ರಿಂಗ್ ಚುಚ್ಚುತ್ತದೆ. ಅವರಿಗೆ ಚುಚ್ಚುವುದಿಲ್ಲ. ಹಾಡು ಶುರುವಾಗಿ ಎರಡು ನಿಮಿಷ ಆಗಿರಲಿಲ್ಲ, ಕೂಗಿದರು. "ಏನೇ ಸೆವೆಲಾ, ನನ್ನ ತಲೆ ಪಕ್ಕದಲ್ಲಿರೋ ಈ ಡಬ್ಬ ಸತ್ತಿದೆಯಲ್ಲೇ! ನನ್ನ ತಮ್ಮ ಆ ಕಡೆ ಹೋಗಿದ್ದೇ ತಡ, ಈ ಕಡೆ ಅವನ ಸಾಮಾನೆಲ್ಲ ಕೊಂದುಹಾಕಿದೀಯಾ?" ಓಡಿ ಬಂದು ಕಿವಿ ಇಟ್ಟು ನೋಡಿದೆ. ನಿಜ. ಬಲಗಡೆ ಸ್ಪೀಕರಿನಿಂದ ಇಡೀ ಬ್ಯಾಂಡು ಬಾರಿಸುತ್ತಿದೆ, ಎಡಗಡೆಯದ್ದು ತಣ್ಣಗೆ ಕೂತಿದೆ. ಅದರ ಜೊತೆಗೆ ಆಂಪ್ಲಿಯ ಹೊಟ್ಟೆಯೊಳಗಿಂದ ಜೇನ್ನೊಣದ ಹಾಗೆ ಗುಂಯ್ ಅನ್ನುವ ಸದ್ದು. ನಾನು ಹತ್ತಿಯ ಬಟ್ಟೆಯನ್ನೇ ಬಳಸಿದ್ದೇನೆ, ದೇವರಾಣೆ.

ಮೇಷ್ಟ್ರಿಗೆ ಹೇಳಿ ಕಳಿಸಿದೆ. ಮಾರನೇ ದಿನವೇ ಸಮಿತಿ ಬಂತು. ಮೂರು ಜನ, ಮೂವರೂ ಕೋಟು ಹಾಕಿ, ಟೋಪಿ ಕೈಯಲ್ಲಿ ಹಿಡಿದು, ಸಾವಿನ ಮನೆಗೆ ಬಂದ ಹಾಗೆ ಬಾಗಿಲಲ್ಲಿ ನಿಂತರು. ಚಾಲೆ ಮೇಷ್ಟ್ರು, ಮಾಲೋಪೆ, ಮತ್ತೆ ಫರ್ನಿಚರ್ ಅಂಗಡಿಯಲ್ಲಿ ಕೆಲಸ ಮಾಡುವ ನಿಮ್ಮ ಮಾಶಿಶಿ. ಶುಂಠಿ ಬಿಯರ್ ಕೊಟ್ಟೆ, ಕುಡಿದರು. ಆಮೇಲೆ ಒಂದು ಗಂಟೆ ಹೊತ್ತು ಆಂಪ್ಲಿಯ ಮುಂದೆ ಮಂಡಿಯೂರಿ ಕೂತು ನೋಡಿದರು. ನೋಡಿದರು ಅಷ್ಟೇ. ಒಬ್ಬರೂ ಒಂದು ಗುಂಡಿ ಮುಟ್ಟಲಿಲ್ಲ. ಒಬ್ಬನ ಸೆಟ್ಟಿನ ಗುಂಡಿಯನ್ನ ಇನ್ನೊಬ್ಬ ತಿರುಗಿಸುವುದು ಅವನ ಹೆಂಡತಿಯ ಕೈ ಹಿಡಿದು ಎಳೆದ ಹಾಗಂತೆ. ಮುಟ್ಟಿ ನೋಡಿ ಪರವಾಗಿಲ್ಲ ಅಂತ ನಾನೇ ಅಂದರೆ ಮಾಲೋಪೆ ನನ್ನನ್ನೇ ಒಂಥರಾ ನೋಡಿದ. ಒಂದು ಗುಂಡಿಯ ಮೇಲೆ ನೀವು ಗಾಯಕ್ಕೆ ಹಾಕುವ ಪ್ಲಾಸ್ಟರ್ ಚೂರು ಅಂಟಿಸಿದ್ದೀರಲ್ಲ, ಅದನ್ನ ನೋಡಿ ಮೇಷ್ಟ್ರ ಕಣ್ಣು ತುಂಬಿತು. "ಪಾಪ, ಎಲ್ಲೋ ಬಿರುಕು ಬಿಟ್ಟಿರ್ಬೇಕು, ಮಲೆಸೆಲಾ ಪಟ್ಟಿ ಕಟ್ಟಿದಾನೆ" ಅಂದರು.

ವೈರು ಗುಂಡಿಯಲ್ಲ ಅಂತ ಮೂವರೂ ಒಪ್ಪಿದ ಮೇಲೆ ಮಾಲೋಪೆ ಹಿಂದಿನಿಂದ ಎರಡೂ ಸ್ಪೀಕರಿನ ವೈರುಗಳನ್ನ ಅದಲುಬದಲು ಮಾಡಿದ. ಈಗ ಎಡಗಡೆಯದ್ದು ಹಾಡಿತು, ಬಲಗಡೆಯದ್ದು ಬಾಯಿ ಮುಚ್ಚಿತು. ಅಲ್ಲಿಗೆ ತೀರ್ಮಾನವಾಯಿತು, ಸ್ಪೀಕರ್ ಎರಡೂ ಗಟ್ಟಿಯಾಗಿವೆ, ಕಾಯಿಲೆ ಇರುವುದು ಆಂಪ್ಲಿಗೆ. ಅರ್ಧ ಪಾರ್ಶ್ವವಾಯು ಅಂದ ಮಾಲೋಪೆ. ಅವನ ಕೆಲಸವೇ ಅಂಥದ್ದು, ಎಲ್ಲರ ಕಾಯಿಲೆಯೂ ಅವನಿಗೆ ಕೊನೆಯದಾಗಿಯೇ ಕಾಣುತ್ತದೆ. ರಿಪೇರಿ ಮಾಡಿಸಲೇಬೇಕು, ಅಂಥ ಕಬ್ಬಿಣ ಈಗ ಯಾರೂ ಹಾಕುವುದಿಲ್ಲ ಅಂದರು ಮೇಷ್ಟ್ರು. ಮಾಶಿಶಿ ಕೋಟಿನ ಗುಂಡಿ ಬಿಚ್ಚಿ ನಿಧಾನಕ್ಕೆ ಶುರುಮಾಡಿದ. "ಇಪ್ಪತ್ತು ವರ್ಷದ್ದು ಅಕ್ಕಾ. ಇವತ್ತು ಎಡಗಡೆ ಹೋಯ್ತು, ರಿಪೇರಿ ಮಾಡ್ಸಿದ್ರೆ ನಾಳೆ ಬಲಗಡೆ ಹೋಗುತ್ತೆ. ಸಭೆ ಮಧ್ಯ ಹೋದ್ರೆ ಮಲೆಸೆಲಾ ಟೋಪಿ ಗತಿ ಏನು? ನಮ್ಮಂಗಡೀಲಿ ಹೊಸದು ಬಂದಿದೆ. ಹಳೇದು ಕೊಟ್ಟು ಹೊಸದು ತಗೊಳ್ಳೋದು. ಬೇಕಾದ್ರೆ ಎರಡು ವಾರ ಮನೇಲಿಟ್ಟು ನೋಡಿ."

ಎರಡನೇ ದಿನವೇ ಹೊಸದು ಬಂತು. ಏನು ಹೇಳಲಿ ಅದರ ವೈಭವ! ಮುಖದ ತುಂಬ ನೀಲಿ ದೀಪ, ಹಾಡಿಗೆ ತಕ್ಕಂತೆ ಮೇಲೆ ಕೆಳಗೆ ಕುಣಿಯುತ್ತವೆ. ಎತ್ತಿದರೆ ಖಾಲಿ ಡಬ್ಬದಷ್ಟು ಹಗುರ. ಫೆಲಾದಿ ಅದರ ಮುಂದೆಯೇ ಓದಲಿಕ್ಕೆ ಕೂತಳು. ಅದಕ್ಕೊಂದು ರಿಮೋಟ್ ಬೇರೆ. ಅದು ಮೂರು ದಿನ ಕಾಣೆಯಾಗಿ, ಕೊನೆಗೆ ನಿಮ್ಮಕ್ಕ ಸೋಫಾದಿಂದ ಎದ್ದಾಗ ಸಿಕ್ಕಿತು. ಅಷ್ಟು ಹೊತ್ತಿಗೆ ಅವರ ಭಾರಕ್ಕೆ ಸದ್ದು ತಾನಾಗಿ ಏರಿ ಏರಿ ಬೀರುವಿನ ಮೇಲಿದ್ದ ಎರಡು ಸಾಸರ್ ಬಿದ್ದು ಒಡೆದಿದ್ದವು. ನೀಲಿ ಹೂವಿನವು ಅಲ್ಲ, ಬೇರೆಯವು.

ನಿಮ್ಮ ಹತ್ತಿರ ಮುಚ್ಚಿಡುವುದಿಲ್ಲ, ನಾನು ಹಳೆಯದನ್ನ ಕೊಟ್ಟೇಬಿಡುವವಳಿದ್ದೆ. ಎರಡೂ ಪಕ್ಕಪಕ್ಕ ಕೂತಿದ್ದವು. ಹಳೆಯದನ್ನ ನೋಡಿದಾಗೆಲ್ಲ ನೀವು ಅದನ್ನ ಕೊಂಡ ದಿನ ನೆನಪಿಗೆ ಬರುತ್ತಿತ್ತು. ಟ್ಯಾಕ್ಸಿಯವನು ಹತ್ತಿಸಿಕೊಳ್ಳಲಿಲ್ಲ ಅಂತ ಸ್ಟೇಷನ್ನಿನಿಂದ ತಲೆಯ ಮೇಲೆ ಹೊತ್ತು ತಂದು, ಮೂರು ದಿನ ಕತ್ತು ತಿರುಗಿಸಲಾಗದೆ ಮಲಗಿದ್ದಿರಿ. ಫೆಲಾದಿ ಆಗ ಹೊಟ್ಟೆಯಲ್ಲಿದ್ದಳು. ಅದಕ್ಕೆ ಸರಿಯಾಗಿ ಬಸ್ಸಿನ ಕಿಟಕಿಯೂ ನೆನಪಿಗೆ ಬರುತ್ತಿತ್ತು. ನನ್ನ ಒಂದು ಮಾತಿಗೆ ಉತ್ತರ ಕೊಡಲಾಗದವರ ಕಬ್ಬಿಣಕ್ಕೆ ನಾನು ಯಾಕೆ ಸೇವೆ ಮಾಡಬೇಕು ಅನ್ನಿಸಿತು. ಶನಿವಾರ ಮಧ್ಯಾಹ್ನ ಬಂದು ತಗೊಂಡು ಹೋಗು ಅಂತ ಮಾಶಿಶಿಗೆ ಹೇಳಿಯೂಬಿಟ್ಟೆ. ನಿಮ್ಮಕ್ಕನಿಗೆ ತಿಳಿದು ಕುಣಿದಾಡಿದರು. "ಹಳೇದಾಯ್ತು ಅಂತ ಬದಲಾಯಿಸೋ ಹಾಗಿದ್ರೆ ನನ್ನ ತಮ್ಮನ್ನೂ ಅಂಗಡಿಗೆ ಕಳಿಸ್ತೀಯೇನೇ?" ಅಂದರು. ಅವರಿಗೆ ಬದಲು ಯಾರೂ ಏನೂ ಕೊಡಲ್ಲ ಅತ್ತಿಗೆ ಅಂದೆ. ಐದು ತಿಂಗಳಲ್ಲಿ ಮೊದಲ ಸಲ ಇಬ್ಬರೂ ಒಟ್ಟಿಗೆ ನಕ್ಕೆವು. ನಕ್ಕ ಮೇಲೆ ಅವರು ಒಂದು ಶರತ್ತು ಹಾಕಿದರು. ಕೊಡುವ ಮೊದಲು ಸ್ಕೊಸಾನಾ ಒಮ್ಮೆ ನೋಡಲಿ.

ಸ್ಕೊಸಾನಾ ಗೊತ್ತಲ್ಲ, ರೈಲ್ವೆ ಗೇಟಿನ ಹತ್ತಿರ ರೇಡಿಯೋ ರಿಪೇರಿ ಮಾಡುವವರು. ನಿಮ್ಮ ಸಂಘದವರು ಅವರನ್ನ ಕರೆಯುವುದೇ ಇಲ್ಲ, ಯಾಕೆಂದರೆ ಆತ ಚರ್ಚಿನ ಹಾಡು ಬಿಟ್ಟು ಬೇರೆಯದನ್ನ ಸಂಗೀತ ಅಂತ ಒಪ್ಪುವುದಿಲ್ಲ. ಶನಿವಾರ ಬೆಳಿಗ್ಗೆ ಬಂದರು. ಟೀ ಬೇಡ ಅಂದರು. ಸ್ಪೀಕರಿನ ವೈರುಗಳನ್ನ ಹಳೆಯದಕ್ಕೇ ಮೊದಲಿದ್ದ ಹಾಗೆ ಜೋಡಿಸಿ, ನನ್ನ ಕೈಯಲ್ಲಿ ಒಂದು ರೆಕಾರ್ಡ್ ಹಾಕಿಸಿದರು. ಕನ್ನಡಕ ಏರಿಸಿಕೊಂಡು ಆಂಪ್ಲಿಯ ಮುಖಕ್ಕೆ ಮೂಗು ತಾಗುವಷ್ಟು ಹತ್ತಿರ ಹೋಗಿ ಸಣ್ಣ ಅಕ್ಷರ ಓದಿದರು. ಆಮೇಲೆ ಏನು ಮಾಡಿದರು ಗೊತ್ತಾ, ಉಗುರಿನಿಂದ ಆ ಪ್ಲಾಸ್ಟರ್ ಚೂರು ಕಿತ್ತು ಗುಂಡಿಯನ್ನ ನಡುವಿಗೆ ತಿರುಗಿಸಿದರು. ಅದರ ಕೆಳಗೆ ಒಳಗೊತ್ತಿದ್ದ ಇನ್ನೊಂದು ಪುಟ್ಟ ಗುಂಡಿಯನ್ನ ಟಿಕ್ ಅಂತ ಹೊರಬಿಟ್ಟರು. ಎಡಗಡೆಯ ಸ್ಪೀಕರಿನಿಂದ ಡ್ರಮ್ ಹೇಗೆ ಸಿಡಿಯಿತು ಅಂದರೆ ನಿಮ್ಮಕ್ಕ ಸೋಫಾದಿಂದ ಒಂದು ಗೇಣು ಮೇಲೆ ಹಾರಿದರು. ಅಷ್ಟೇ ಆಗಿದ್ದದ್ದು. ಮೂರು ವಾರ ಸಮಿತಿ, ಶೋಕ, ನೀಲಿ ದೀಪ, ಎರಡು ಸಾಸರ್. ಒಬ್ಬನಾದರೂ ಒಂದು ಗುಂಡಿ ತಿರುಗಿಸಿದ್ದರೆ ಎರಡು ಸೆಕೆಂಡಿನ ಕೆಲಸ!

ನಾನೂ ನಿಮ್ಮಕ್ಕನೂ ಹೊಟ್ಟೆ ಹಿಡಿದು ನಗುತ್ತಿದ್ದೆವು. ಸ್ಕೊಸಾನಾ ನಗಲಿಲ್ಲ. ಪ್ಲಾಸ್ಟರ್ ಚೂರನ್ನ ಬೆರಳ ತುದಿಯಲ್ಲಿ ಇಟ್ಟುಕೊಂಡು ನೋಡುತ್ತಿದ್ದರು. "ಫೆಲಾದಿ ತಾಯಿ, ಈ ಮನೇಲಿ ಯಾರಿಗೆ ಒಂದು ಕಿವಿ ಕೇಳ್ಸಲ್ಲ?" ಅಂದರು. ಯಾರಿಗೂ ಹಾಗೇನಿಲ್ಲವಲ್ಲ ಅಂದೆ. "ಒರೆಸೋವಾಗ ಕೈ ತಾಗಿ ಒಂದು ಗುಂಡಿ ತಿರುಗ್ಬಹುದು. ಆದ್ರೆ ಇದು ಹಾಗಲ್ಲ. ಚಿಕ್ಕ ಗುಂಡಿ ಒತ್ತಿದ್ರೆ ಎರಡೂ ಕಡೇದು ಸೇರಿ ಒಂದೇ ಹಾಡಾಗುತ್ತೆ. ದೊಡ್ಡದು ಆ ಹಾಡನ್ನ ಪೂರ್ತಿ ಬಲಗಡೆಗೆ ತಳ್ಳುತ್ತೆ. ಅದು ಅಲ್ಲಾಡ್ಬಾರ್ದು ಅಂತ ಪಟ್ಟಿ ಬೇರೆ ಹಚ್ಚಿದಾರೆ. ನನ್ನಣ್ಣ ಗಣೀಲಿ ಕೆಲಸ ಮಾಡಿ ಎಡಗಿವಿ ಕಳಕೊಂಡ. ಅವನ ರೇಡಿಯೋನ ನಾನೇ ಹೀಗೆ ಮಾಡಿಕೊಟ್ಟಿದ್ದೆ."

ಫೆಲಾದಿ ಅಪ್ಪಾ, ನಾನು ಅಲ್ಲೇ ನಿಮ್ಮ ಕುರ್ಚಿಯಲ್ಲಿ ಕೂತುಬಿಟ್ಟೆ. ಕೂತ ಮೇಲೆ ಗೊತ್ತಾಯಿತು, ಆ ಕುರ್ಚಿ ಯಾಕೆ ಬಲಗಡೆಯ ಸ್ಪೀಕರಿಗೆ ಅಂಟಿಕೊಂಡಿದೆ ಅಂತ. ಹೋದ ವರ್ಷ ಅದನ್ನ ಸರಿಸಿದಿರಿ, ಬೆಳಕು ಚೆನ್ನಾಗಿ ಬರುತ್ತದೆ ಅಂದಿರಿ. ಬೆಳಕು ಬರುವುದು ಆ ಕಡೆ ಕಿಟಕಿಯಿಂದ, ನಾನೆಂಥ ದಡ್ಡಿ. ಆಮೇಲೆ ಒಂದೊಂದೇ ನೆನಪಾದವು. ಫೋನನ್ನ ಬಲಗಿವಿಗೇ ಇಟ್ಟುಕೊಳ್ಳುವುದು. ಚರ್ಚಿನಲ್ಲಿ ಎಡಗಡೆಯ ಕೊನೆಯ ಜಾಗಕ್ಕೆ ಮಕ್ಕಳ ಹಾಗೆ ಓಡುವುದು. ಎದುರುಮನೆಯ ಮುದುಕ ನೀವು ನಮಸ್ಕಾರಕ್ಕೆ ನಮಸ್ಕಾರ ಹೇಳುವುದಿಲ್ಲ ಅಂತ ಆರು ತಿಂಗಳು ಮಾತು ಬಿಟ್ಟದ್ದು. ಬಾಯ್ಲರ್ ತಗಡಿನ ಮೇಲೆ ಇಪ್ಪತ್ತೆರಡು ವರ್ಷ ಸುತ್ತಿಗೆ ಹೊಡೆದವರ ಕಿವಿ ಏನಾಗಬೇಕು ಅಂತ ನಾನು ಒಂದು ದಿನವೂ ಯೋಚಿಸಲಿಲ್ಲ. ನೀವೂ ಬಾಯಿ ಬಿಡಲಿಲ್ಲ. ಯಾಕೆ ಅಂತಲೂ ಗೊತ್ತಾಯಿತು. ಕಿವಿ ಕೇಳುವುದಿಲ್ಲ ಅಂದರೆ ಅಣೆಕಟ್ಟಿನವರು ಕೆಲಸಕ್ಕೆ ತಗೊಳ್ಳುವುದಿಲ್ಲ ಅಂತ ತಾನೇ? ಸರಿ, ಅವರಿಗೆ ಹೇಳಬೇಡಿ. ಹೆಂಡತಿಗೂ ಹೇಳಬಾರದಾ? ಕೂತಲ್ಲೇ ಅತ್ತೆ. ನಿಮ್ಮಕ್ಕ ಏನಾಯ್ತೇ ಅಂತ ಕೇಳಿದರು, ಸ್ಪ್ರಿಂಗ್ ಚುಚ್ಚಿತು ಅಂದೆ. ಅದು ಆ ಸೋಫಾದ್ದಲ್ಲವಾ ಅಂತ ಅವರು ಕೇಳಲಿಲ್ಲ. ಅವರಿಗೂ ಅರ್ಥವಾಗಿತ್ತು ಅಂತ ಕಾಣುತ್ತದೆ.

ಕೊನೆಯದಾಗಿ ಎಲ್ಲವನ್ನೂ ಬಸ್ ನಿಲ್ದಾಣದಲ್ಲಿ ನಿಲ್ಲಿಸಿ ನೋಡಿದೆ. ಎಂಜಿನ್ ಗುಡುಗುತ್ತಿತ್ತು. ಪೆಟ್ಟಿಗೆ ನಿಮ್ಮ ಬಲಗೈಯಲ್ಲಿತ್ತು. ಅದಕ್ಕೇ ನಾನು ಎಡಗಡೆ ನಿಂತಿದ್ದೆ.

ಐದು ತಿಂಗಳ ಸಿಟ್ಟು ಹಾಗೆ ಹೋಯಿತು. ಪಾತ್ರೆಗಳು ಬಚಾವಾದವು. ಮಧ್ಯಾಹ್ನ ಮಾಶಿಶಿ ಕೈಗಾಡಿ ತಂದರೆ ಅದರಲ್ಲಿ ಅವನ ನೀಲಿ ದೀಪವನ್ನೇ ಇಟ್ಟು ಕಳಿಸಿದೆ. ಹಳೆಯದನ್ನ ಸ್ಕೊಸಾನಾ ಬಿಚ್ಚಿ, ಒಳಗೆ ಉಬ್ಬಿಕೊಂಡಿದ್ದ ಎರಡು ಕೆಪಾಸಿಟರ್ ತೆಗೆದು ಬೇರೆ ಬೆಸೆದು, ಧೂಳು ಊದಿ ಮುಚ್ಚಿದರು. ಆ ಗುಂಯ್ ಸದ್ದು ನಿಂತಿದೆ. ಇನ್ನು ಇಪ್ಪತ್ತು ವರ್ಷ ಬರುತ್ತದಂತೆ. ಗುಂಡಿಯ ಗುಟ್ಟು ನಮ್ಮ ಮೂವರಲ್ಲೇ ಇರಲಿ ಅಂದೆ. ಆತ ತಲೆಯಾಡಿಸಿದರು. ನಿಮ್ಮಕ್ಕ ಬೈಬಲ್ ಮುಟ್ಟಿ ಆಣೆ ಮಾಡಿದ್ದಾರೆ, ಆದ್ದರಿಂದ ಕ್ರಿಸ್‌ಮಸ್ ತನಕ ಉಳಿಯಬಹುದು.

ಮೊನ್ನೆ ಭಾನುವಾರ ಸಭೆ ನಡೆಯಿತು. ಹದಿಮೂರು ನೀಲಿ ಟೋಪಿ, ಹದಿಮೂರು ಜೊತೆ ಎರಡು ಬಣ್ಣದ ಬೂಟು. ನಿಮ್ಮ ಟೋಪಿಯನ್ನ ನಿಮ್ಮ ಕುರ್ಚಿಯ ಮೇಲೆ ಇಟ್ಟಿದ್ದೆ, ಯಾರೂ ಅಲ್ಲಿ ಕೂರಲಿಲ್ಲ. ಗುಂಡಿ ನಡುವಿನಲ್ಲೇ ಇತ್ತು, ಎರಡೂ ಕಡೆಯಿಂದ ಹಾಡು ಸುರಿಯಿತು. ಮಾಲೋಪೆ ರೆಕಾರ್ಡಿನ ಕವರನ್ನ ಎದೆಗೆ ಒತ್ತಿಕೊಂಡು ಒಂಟಿಕಾಲಲ್ಲಿ ಸುತ್ತಿದ. ಮಾಶಿಶಿ ಮಂಡಿಯ ಮೇಲೆ ಕೂತು ಕರವಸ್ತ್ರ ಬೀಸಿದ, ಆಮೇಲೆ ಏಳಲಾಗದೆ ಇಬ್ಬರು ಎತ್ತಿದರು. ಚಾಲೆ ಮೇಷ್ಟ್ರು ಕಣ್ಣೊರೆಸಿಕೊಂಡು, "ಎಂಥಾ ರಿಪೇರಿ ನೋಡಿ! ಬೆಸುಗೆ ಹಾಕಿದ ಕೈ ಹಾಡಲ್ಲಿ ಕೇಳಿಸ್ತಿದೆ" ಅಂದರು. ನಾನು ಬೋಟಿಯನ್ನೂ ಜೋಳದ ಮುದ್ದೆಯನ್ನೂ ಬಡಿಸುತ್ತಾ ಬಾಯಿ ಬಿಗಿಹಿಡಿದಿದ್ದೆ. ಈಗ ಹದಿಮೂರು ಮನೆಯವರೂ ಸ್ಕೊಸಾನಾ ಹಿಂದೆ ಬಿದ್ದಿದ್ದಾರೆ, ಆತ ಅಂಗಡಿಯ ಹಿಂಬಾಗಿಲಿನಿಂದ ಓಡಾಡುತ್ತಿದ್ದಾರಂತೆ. ನಿಮ್ಮ ಟೋಪಿ ತಲೆಯ ಮೇಲೆ ಭದ್ರ.

ನಿನ್ನೆ ಮನೆಯಲ್ಲಿ ಯಾರೂ ಇಲ್ಲದಾಗ ಚಿಕ್ಕ ಗುಂಡಿ ಒತ್ತಿ, ದೊಡ್ಡದನ್ನ ನೀವು ಇಟ್ಟಿದ್ದ ಹಾಗೇ ಬಲಕ್ಕೆ ತಿರುಗಿಸಿ, ಹೊಸ ಪ್ಲಾಸ್ಟರ್ ಅಂಟಿಸಿದೆ. ನನ್ನ ಎಡಗಿವಿಗೆ ಹತ್ತಿ ತುರುಕಿಕೊಂಡು ನಿಮ್ಮ ಕುರ್ಚಿಯಲ್ಲಿ ಕೂತು ಒಂದು ಇಡೀ ಬದಿ ಕೇಳಿದೆ. ಒಂದು ಸ್ವರ ಕೂಡ ಕಳೆದುಹೋಗಿರಲಿಲ್ಲ. ಡ್ರಮ್ಮು, ಪಿಯಾನೋ, ಸ್ಯಾಕ್ಸೊಫೋನು, ಎಲ್ಲರನ್ನೂ ನಿಮಗೆ ಕೇಳುವ ಕಡೆಗೆ ಎಷ್ಟು ಚೆನ್ನಾಗಿ ಕರೆದು ಕೂರಿಸಿಕೊಂಡಿದ್ದೀರಿ! ನನ್ನೊಬ್ಬಳನ್ನ ಮಾತ್ರ ಆ ಕಡೆಗೆ ಕರೆಯುವುದು ಮರೆತಿರಿ. ಅದಕ್ಕೆ ಬೇಜಾರಿದೆ, ಸುಳ್ಳು ಹೇಳುವುದಿಲ್ಲ. ಬಂದ ಮೇಲೆ ಇಬ್ಬರೂ ಕಿವಿ ಡಾಕ್ಟರ ಹತ್ತಿರ ಹೋಗೋಣ. ಸರಿಹೋದರೆ ಸರಿ, ಇಲ್ಲದಿದ್ದರೆ ಇರುವ ಒಂದು ಕಿವಿಯಲ್ಲೇ ಸಂಸಾರ ಮಾಡೋಣ. ಬದಲಾಯಿಸುವ ಮಾತಿಲ್ಲ, ಹೆದರಬೇಡಿ.

ಫೆಲಾದಿ ನಿಮಗೆ ಮುತ್ತು ಕಳಿಸಿದ್ದಾಳೆ, ಹೊಸ ಬೂಟಿನ ಅಳತೆಯನ್ನೂ ಕಳಿಸಿದ್ದಾಳೆ. ನಿಮ್ಮಕ್ಕನ ಆಶೀರ್ವಾದ, ಮೇಷ್ಟ್ರ ನಮಸ್ಕಾರ, ಮಾಶಿಶಿಯ ಮುನಿಸು, ಎಲ್ಲ ಇದರ ಜೊತೆಗೇ ಇವೆ. ಕಾಲುಚೀಲ ಹಾಕಿಕೊಳ್ಳಿ. ದೇವರು ನಿಮ್ಮ ಎರಡೂ ಕೈಗಳನ್ನ ಆ ಯಂತ್ರಗಳಿಂದ ಕಾಪಾಡಲಿ.

ನಿಮ್ಮವಳೇ,
ಸೆವೆಲಾ

ಮರೆತಿದ್ದೆ, ಅಂಚೆಯವನು ಗೇಟಿನ ಹತ್ತಿರ ಬಂದ, ಬೇಗ ಬರೆಯುತ್ತೇನೆ. ಅವತ್ತು ಬಸ್ಸಿನ ಹತ್ತಿರ ನಾನು ಹೇಳಿದ್ದು ಇಷ್ಟೇ: "ಹೋಗ್ಬೇಡಿ. ಇಲ್ಲೇ ಇರಿ. ಇದ್ದದ್ರಲ್ಲಿ ಹೇಗೋ ಬದುಕೋಣ, ನೀವಿಲ್ದೆ ನನ್ ಕೈಲಿ ಆಗಲ್ಲ." ಇದಕ್ಕೆ ಕಾಗದದಲ್ಲಿ ಉತ್ತರ ಬರೆಯಬೇಡಿ. ಡಿಸೆಂಬರಿನಲ್ಲಿ ರಜಕ್ಕೆ ಬರುತ್ತೀರಲ್ಲ, ಪೆಟ್ಟಿಗೆಯನ್ನ ಎಡಗೈಯಲ್ಲಿ ಹಿಡಿದು ಇಳಿಯಿರಿ. ನಾನು ಬಲಗಡೆ ನಿಂತಿರುತ್ತೇನೆ, ಮತ್ತೆ ಹೇಳುತ್ತೇನೆ.